ಡೀಸೆಲ್ ಕ್ಯಾನಿನ ಲೆಕ್ಕ

ಎಲ್ಲರಿಗೂ ನಮಸ್ಕಾರ. ತೋಟದ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಮೊನ್ನೆ ನಮ್ಮ ಕೊಡಗಿನ ಗೋಣಿಕೊಪ್ಪದ ಬಂಕ್‌ನಲ್ಲಿ ಡೀಸೆಲ್ ಹಾಕಿಸಲು ನಿಂತಿದ್ದೆ. ನನ್ನ ಮುಂದೆ ಕೇರಳ ನಂಬರಿನ ಎರಡು ಕಾರು. ಎರಡಕ್ಕೂ ಫುಲ್ ಟ್ಯಾಂಕ್. ಕುಟ್ಟ ದಾಟಿ ವಯನಾಡಿಗೆ ಹೋಗುವವರು ಇಲ್ಲೇ ತುಂಬಿಸಿಕೊಂಡು ಹೋಗುವುದು ನಿಮಗೆಲ್ಲ ಗೊತ್ತು. ನನ್ನ ಹಿಂದೆ ಕ್ಯಾನ್ ಹಿಡಿದು ನಿಂತಿದ್ದ ಬೆಳೆಗಾರರೊಬ್ಬರು ಹೇಳಿದರು: "ನೋಡಿ ಸಾರ್, ಅವರಿಗೆ ನಮ್ಮ ರೇಟು ಕಮ್ಮಿ ಅನ್ನಿಸ್ತದೆ. ಅದೇ ರೇಟು ನಮಗೆ ಯಾಕೆ ಇಷ್ಟು ಭಾರ?" ಇವತ್ತು ನಾನು ಮಾತಾಡುವುದೆಲ್ಲ ಅವರ ಈ ಪ್ರಶ್ನೆಯ ಬಗ್ಗೆಯೇ.

ಮೊದಲು ಒಂದು ವಿಷಯ ಬೇಗ ಮುಗಿಸುತ್ತೇನೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಆಮೇಲೆ ಸೋಪಿನ ಮೇಲೆ, ಟೀವಿ ಮೇಲೆ, ಸಿಮೆಂಟಿನ ಮೇಲೆ ಮಡಿಕೇರಿಯಲ್ಲಿ ಎಷ್ಟು ತೆರಿಗೆಯೋ ಕಣ್ಣೂರಿನಲ್ಲೂ ಅಷ್ಟೇ. ಅಲ್ಲಿ ಹೋಲಿಸುವುದಕ್ಕೆ ಏನೂ ಉಳಿದಿಲ್ಲ. ರಾಜ್ಯ ತಾನೇ ದರ ನಿಗದಿ ಮಾಡುವ ಬಾಬತ್ತುಗಳು ಈಗ ಕೆಲವೇ: ಪೆಟ್ರೋಲ್, ಡೀಸೆಲ್, ಮದ್ಯ, ಜಾಗದ ನೋಂದಣಿ, ಗಾಡಿ, ಕರೆಂಟು. ಖಜಾನೆಗೆ ದುಡ್ಡು ಸಾಲದಾಗ ಯಾವ ಸರ್ಕಾರವೇ ಇರಲಿ, ಕೈ ಹಾಕುವುದು ಇಲ್ಲಿಗೇ.

ಈಗ ಡೀಸೆಲ್‌ಗೆ ಬರುತ್ತೇನೆ. 2021ರ ನವೆಂಬರ್‌ವರೆಗೆ ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 24 ಇತ್ತು. ಅದನ್ನು ಶೇ. 14.34ಕ್ಕೆ ಇಳಿಸಿದರು. 2024ರ ಜೂನ್‌ನಲ್ಲಿ ಶೇ. 18.44 ಆಯಿತು. 2025ರ ಏಪ್ರಿಲ್ 1ರಿಂದ ಶೇ. 21.17. ಪಕ್ಕದ ಕೇರಳದಲ್ಲಿ ಶೇ. 22.76, ಅದರ ಮೇಲೆ ಲೀಟರಿಗೆ ಒಂದು ರೂಪಾಯಿ ಹೆಚ್ಚುವರಿ ತೆರಿಗೆ, ಒಂದಿಷ್ಟು ಸೆಸ್, 2023ರಿಂದ ಸಾಮಾಜಿಕ ಭದ್ರತೆಯ ಹೆಸರಿನಲ್ಲಿ ಇನ್ನೆರಡು ರೂಪಾಯಿ. ತೆಲಂಗಾಣದಲ್ಲಿ ಶೇ. 27. ತಮಿಳುನಾಡಿನವರು ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ಶೇ. 11, ಜೊತೆಗೆ ಲೀಟರಿಗೆ 9 ರೂಪಾಯಿ 62 ಪೈಸೆ ಅಂತ ನಿಗದಿ. ನಮ್ಮಲ್ಲಿ ಪೂರ್ತಿ ಶೇಕಡಾವಾರು ಲೆಕ್ಕ. ಕಚ್ಚಾ ತೈಲದ ಬೆಲೆ ಏರಿ ಡೀಸೆಲ್ ತುಟ್ಟಿಯಾದರೆ ತೆರಿಗೆಯೂ ತಾನಾಗಿ ಏರುತ್ತದೆ. ಅವರಲ್ಲಿ ತೆರಿಗೆಯ ಒಂದು ದೊಡ್ಡ ಭಾಗ ಇದ್ದಲ್ಲೇ ಇರುತ್ತದೆ. ಈ ವ್ಯತ್ಯಾಸ ಪೇಪರಿನ ಪಟ್ಟಿಗಳಲ್ಲಿ ಕಾಣಿಸುವುದಿಲ್ಲ.

2025ರ ಏಪ್ರಿಲ್ ಏರಿಕೆಯ ನಂತರವೂ ಬೆಂಗಳೂರಿನ ಡೀಸೆಲ್ ದರ 91 ರೂಪಾಯಿ ಹತ್ತಿರ ಇತ್ತು. ಚೆನ್ನೈ, ಹೈದರಾಬಾದ್, ತಿರುವನಂತಪುರ ಎಲ್ಲಕ್ಕಿಂತ ಕಮ್ಮಿ. ಸರ್ಕಾರ ಹೇಳುವುದು ಇದನ್ನೇ, ಅದು ನಿಜವೂ ಹೌದು. ಸುಮ್ನೆ ಬೈಯುವುದರಲ್ಲಿ ಅರ್ಥವಿಲ್ಲ.

ಆದರೆ ಬೆಂಗಳೂರಿನ ದರ ಹಿಡಿದು ಕೊಡಗನ್ನು ಅಳೆಯಲು ಆಗುತ್ತದಾ? ನಮ್ಮ ಜಿಲ್ಲೆಗೆ ರೈಲಿಲ್ಲ. ಗೊಬ್ಬರ, ಅಕ್ಕಿ, ಸಿಮೆಂಟು, ಕೊನೆಗೆ ಆ ಡೀಸೆಲ್ ಕೂಡ ಘಾಟಿ ಹತ್ತಿಯೇ ಬರಬೇಕು. ಕಾಫಿ, ಮೆಣಸು ಘಾಟಿ ಇಳಿದೇ ಹೋಗಬೇಕು. ಪಿಕಪ್ ಗಾಡಿ ಎರಡನೇ ಗೇರಿನಲ್ಲಿ ಏರುವಾಗ ಕುಡಿಯುವ ಎಣ್ಣೆ ಬಯಲುಸೀಮೆಯವರಿಗೆ ಗೊತ್ತಿಲ್ಲ. ದರ ಒಂದೇ ಇರಬಹುದು. ಲೀಟರ್ ನಮಗೆ ಜಾಸ್ತಿ ಬೇಕು.

ತೋಟಕ್ಕೆ ಬನ್ನಿ. ಫೆಬ್ರವರಿ ಕೊನೆ. ರೊಬಸ್ಟಾ ಕಾಫಿಗೆ ಹೂ ಅರಳಿಸುವ ಹೂಮಳೆ ಬಂದಿಲ್ಲ. ಕೆರೆಯ ದಡದಲ್ಲಿ ಎಂಜಿನ್ ಇಟ್ಟು ಸ್ಪ್ರಿಂಕ್ಲರ್ ಶುರು ಮಾಡಿದ್ದೀರಿ. ನಡುರಾತ್ರಿ ಟಾರ್ಚ್ ಹಿಡಿದು ಪೈಪ್ ಬದಲಿಸಿದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಹತ್ತು ಎಕರೆ ತೋಟ ಅಂತ ಇಟ್ಟುಕೊಳ್ಳಿ. ದಿನಕ್ಕೆ ಒಂದು ಎಕರೆ, ದಿನಕ್ಕೆ 8 ಗಂಟೆ, ಗಂಟೆಗೆ 3 ಲೀಟರ್. ಹೂ ಅರಳಿಸುವ ಬ್ಲಾಸಮ್‌ಗೆ ಒಂದು ಸುತ್ತು ನೀರು, ಆಮೇಲೆ ಕಾಯಿ ಕಚ್ಚಿಸುವ ಬ್ಯಾಕಿಂಗ್‌ಗೆ ಇನ್ನೊಂದು. ಒಟ್ಟು 20 ದಿನ, 480 ಲೀಟರ್. ದರ 91 ಇದ್ದರೆ ಅದರಲ್ಲಿ ರಾಜ್ಯದ ತೆರಿಗೆ ಲೀಟರಿಗೆ ಹೆಚ್ಚುಕಮ್ಮಿ 16 ರೂಪಾಯಿ. ಅಂದರೆ ಹೂ ಅರಳಿಸಿ ಕಾಯಿ ಕಚ್ಚಿಸುವುದಕ್ಕೇ ಏಳೂವರೆ ಸಾವಿರಕ್ಕಿಂತ ಜಾಸ್ತಿ ತೆರಿಗೆ ಕಟ್ಟಿದ್ದೀರಿ. ಶೇ. 14.34 ಇದ್ದಾಗ ಇದು ಸುಮಾರು 5,200 ಆಗುತ್ತಿತ್ತು. ಕೇಂದ್ರದ ಅಬಕಾರಿ ಸುಂಕ ಇದರಲ್ಲಿ ಸೇರಿಲ್ಲ. ಆ ವರ್ಷ ಕಾಯಿ ಉದುರಿ ಹೋದರೂ ಈ ತೆರಿಗೆ ವಾಪಸ್ ಬರುವುದಿಲ್ಲ. ಲಾಭದ ಮೇಲಿನ ತೆರಿಗೆ ಆದರೆ ಲಾಭ ಇಲ್ಲದಾಗ ಇರುವುದಿಲ್ಲ. ಡೀಸೆಲ್ ತೆರಿಗೆ ಹಾಗಲ್ಲ, ಅದನ್ನು ಬೆಳೆ ಬರುವ ಮೊದಲೇ ಕಟ್ಟಿರುತ್ತೇವೆ.

ತೆರಿಗೆಯಲ್ಲಿ ಎಷ್ಟು ಅನ್ನುವುದರ ಜೊತೆಗೆ ಹೇಗೆ, ಯಾವಾಗ ಅನ್ನುವುದೂ ಮುಖ್ಯ ಅಂತ ಈ ನೆಲಕ್ಕೆ ಹಿಂದೆಯೇ ಗೊತ್ತಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶ ಮಾಡಿಕೊಂಡು ಅಮರಸುಳ್ಯ, ಪುತ್ತೂರು ಸೀಮೆಯನ್ನು ಮಂಗಳೂರು ಕಡೆಯ ಕೆನರಾ ಜಿಲ್ಲೆಗೆ ಸೇರಿಸಿದರು. ರಾಜರ ಕಾಲದಲ್ಲಿ ಅಲ್ಲಿನ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಕೆನರಾಕ್ಕೆ ಸೇರಿದ ಮೇಲೆ ನಗದೇ ಕೊಡಬೇಕು ಅಂದರು. ಅದೇ ಗದ್ದೆ, ಅದೇ ಭತ್ತ. ಕೈಯಲ್ಲಿ ನಾಣ್ಯ ಎಲ್ಲಿಂದ ಬರಬೇಕು? ಬ್ರಿಟಿಷರ ವಿರುದ್ಧದ 1837ರ ಹೋರಾಟಕ್ಕೆ ಇದೂ ಒಂದು ದೊಡ್ಡ ಕಾರಣ. ಆ ವರ್ಷ ಏಪ್ರಿಲ್‌ನಲ್ಲಿ ರೈತರ ದಂಡು ಮಂಗಳೂರಿನವರೆಗೆ ಹೋಯಿತು. ಅಕ್ಟೋಬರ್ 31ರಂದು ಹೋರಾಟದ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನಮ್ಮ ಮಡಿಕೇರಿ ಕೋಟೆಯಲ್ಲೇ ಗಲ್ಲಿಗೇರಿಸಿದರು. ಆ ಕೋಟೆ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಈ ನಗದು ಕಂದಾಯದ ಮಾತು ನೆನಪಾಗುತ್ತದೆ.

ಜಾಗದ ನೋಂದಣಿಯಲ್ಲಿ ನಮ್ಮ ಸ್ಥಿತಿ ಕೇರಳಕ್ಕಿಂತ ವಾಸಿ. ಅಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶೇ. 2. ನಮ್ಮಲ್ಲಿ ಮುದ್ರಾಂಕ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ ಮಾತ್ರ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದೆ. ಕಾರಿನ ವಿಷಯದಲ್ಲಿ ಬೆಲೆ ನೋಡಿಕೊಂಡು ಶೇ. 13ರಿಂದ 18ರವರೆಗೆ ಜೀವಿತಾವಧಿ ತೆರಿಗೆ, ಮೇಲೆ ಸೆಸ್. ದೇಶದಲ್ಲೇ ಜಾಸ್ತಿ ಇರುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ. ಆದರೆ ಜಾಗ, ಕಾರು ಕೊಳ್ಳುವುದು ಜೀವನದಲ್ಲಿ ಒಂದೆರಡು ಸಲ. ಡೀಸೆಲ್ ದಿನದ ಮಾತು.

ರಾಜ್ಯ ಯಾಕೆ ಡೀಸೆಲ್‌ಗೇ ಕೈ ಹಾಕುತ್ತದೆ? ಗ್ಯಾರಂಟಿ ಯೋಜನೆಗಳ ಖರ್ಚು ಒಂದು ಕಾರಣ, ಅದನ್ನು ಮುಚ್ಚಿಡುವುದು ಬೇಡ. ಇನ್ನೊಂದು ಕಾರಣ ದೆಹಲಿಯಲ್ಲಿದೆ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಅಂತ ಹೇಳುವುದು ಹಣಕಾಸು ಆಯೋಗ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇತ್ತು. 15ನೇ ಆಯೋಗದ ಅವಧಿಯಲ್ಲಿ, ಅಂದರೆ 2026ರ ಮಾರ್ಚ್‌ವರೆಗೆ, ಅದು ಶೇ. 3.647ಕ್ಕೆ ಇಳಿದಿತ್ತು. ಕೇರಳದ್ದು 2.5ರಿಂದ 1.925ಕ್ಕೆ. ಜಿಎಸ್‌ಟಿ ಸಂಗ್ರಹದಲ್ಲಿ ಮಹಾರಾಷ್ಟ್ರ ಬಿಟ್ಟರೆ ನಾವೇ ಮುಂದೆ ಇದ್ದರೂ ಹೀಗೆ. ಆ ಕೊರತೆಯ ಒಂದು ಪಾಲನ್ನು ಕೊನೆಗೆ ತುಂಬಿದವರು ಕ್ಯಾನ್ ಹಿಡಿದು ನಿಂತವರು.

1952ರಿಂದ 1956ರವರೆಗೆ ಕೊಡಗಿಗೇ ಒಂದು ವಿಧಾನಸಭೆ ಇತ್ತು. 24 ಸದಸ್ಯರು, ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿ. ಆಗ ಕೊಡಗಿನ ಲೆಕ್ಕ ಕೊಡಗಿನಲ್ಲೇ ಚರ್ಚೆಯಾಗುತ್ತಿತ್ತು. ಬೇರೆ ರಾಜ್ಯ ಬೇಕು ಅಂತ ನಾನು ಹೇಳುತ್ತಿಲ್ಲ. ರಾಜ್ಯ ರಾಜ್ಯಗಳನ್ನು ಹೋಲಿಸುವ ಪಟ್ಟಿಯಲ್ಲಿ ನಮ್ಮಂಥ ಸಣ್ಣ ಗುಡ್ಡಗಾಡು ಜಿಲ್ಲೆ ಕಾಣುವುದೇ ಇಲ್ಲ, ಅಷ್ಟೇ.

ದಾರಿ ಇಲ್ಲವಾ? ಇದೆ. ಕರಾವಳಿಯ ಮೀನುಗಾರರ ದೋಣಿಗಳಿಗೆ ಇದೇ ಕರ್ನಾಟಕ ಸರ್ಕಾರ ಕರರಹಿತ ಡೀಸೆಲ್ ಕೊಡುತ್ತದೆ. ದೋಣಿಗೆ ಇಷ್ಟು ಲೀಟರ್ ಅಂತ ಮಿತಿ ಇಟ್ಟು ಕೊಡುತ್ತದೆ. ಕೊಡಬೇಕಾದದ್ದೇ, ಅದು ಅವರ ಹೊಟ್ಟೆಪಾಡು. ಅಂದ ಮೇಲೆ ಬಳಕೆ ನೋಡಿ ತೆರಿಗೆ ಬಿಡುವುದು ಸರ್ಕಾರಕ್ಕೆ ಗೊತ್ತಿದೆ. 2022–23ರ ಬಜೆಟ್‌ನಲ್ಲಿ ರೈತ ಶಕ್ತಿ ಅಂತ ಎಕರೆಗೆ 250 ರೂಪಾಯಿ ಡೀಸೆಲ್ ಸಹಾಯಧನ ಬಂತು, ಐದು ಎಕರೆಗೆ ಮಿತಿ. ನಾವು ಈಗ ಮಾಡಿದ ಲೆಕ್ಕದಲ್ಲಿ ಎಕರೆಗೆ 48 ಲೀಟರ್, ತೆರಿಗೆಯೇ 760 ರೂಪಾಯಿಗಿಂತ ಜಾಸ್ತಿ. ಹೂಮಳೆ ತಪ್ಪಿದ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಎಕರೆಗೆ 48 ಲೀಟರ್ ಡೀಸೆಲ್ ಕರರಹಿತವಾಗಿ ಕೊಡಿ. ಪಹಣಿ ನೋಡಿ, ಬಿಲ್ ನೋಡಿ ಕೊಡಿ. ನಾವು ಕೇಳಬೇಕಾದದ್ದು ಇಷ್ಟು.

ಕೇಳಲು ನಮ್ಮ ಕೈಯಲ್ಲಿ ಲೆಕ್ಕ ಇರಬೇಕು. ತೋಟದ ಪುಸ್ತಕದಲ್ಲಿ ಕೂಲಿ ಬರೆಯುತ್ತೇವೆ, ಗೊಬ್ಬರ ಬರೆಯುತ್ತೇವೆ. ಡೀಸೆಲ್ ಅಂತ ಬರೆದು ರೂಪಾಯಿ ಮಾತ್ರ ಹಾಕುತ್ತೇವೆ. ಈ ಸಲದಿಂದ ಲೀಟರ್ ಬರೆಯಿರಿ, ಯಾವ ಕೆಲಸಕ್ಕೆ ಅಂತ ಬರೆಯಿರಿ, ಬಿಲ್ ಅಂಟಿಸಿ ಇಡಿ. ಬ್ಯಾಕಿಂಗ್ ಮುಗಿದ ಮೇಲೆ ಎಲ್ಲರೂ ಪುಸ್ತಕ ತನ್ನಿ, ಇಲ್ಲೇ ಕೂತು ಒಟ್ಟು ಮಾಡೋಣ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.