ಎಣ್ಣೆ ಹಾಕುವ ಕೈಗೂ ಎಣ್ಣೆ ಬೇಕು

ಎಲ್ಲರಿಗೂ ನಮಸ್ಕಾರ. ಆಟಿಯ ಈ ಮಳೆಯಲ್ಲೂ ಪೆರ್ಲಕ್ಕೆ ಇಷ್ಟು ಜನ ಬಂದಿದ್ದೀರಿ. ಬೆಳ್ಳೂರಿನಿಂದ, ಬದಿಯಡ್ಕದಿಂದ ಬಂದವರೂ ಇದ್ದೀರಿ. ತುಂಬ ಸಂತೋಷ.

ಮೈಗೆ ಎಣ್ಣೆ ತಿಕ್ಕುವುದನ್ನು ನಮ್ಮ ಊರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ದೀಪಾವಳಿಗೆ ಹಂಡೆ ತೊಳೆದು ನೀರು ತುಂಬಿಸಿ, ನಸುಕಿನಲ್ಲೇ ಎಣ್ಣೆ ಹಾಕಿ ಮೀಯುವವರು ನಾವು. ಮಲಯಾಳದವರು ಕರ್ಕಾಟಕ ಎನ್ನುವ ಇದೇ ಆಟಿ ತಿಂಗಳಲ್ಲಿ ಕಳರಿ ಎಂಬ ಕಾಳಗದ ಕಲೆ ಕಲಿಯುವವರಿಗೆ, ಕಥಕಳಿ ಕಲಿಯುವವರಿಗೆ ಉಳಿಚ್ಚಿಲ್, ಅಂದರೆ ಎಣ್ಣೆ ಹಾಕಿ ಮೈ ತಿಕ್ಕುವುದನ್ನು ಮಾಡುತ್ತಾರೆ. ಮೇಲೆ ಕಟ್ಟಿದ ಹಗ್ಗ ಹಿಡಿದುಕೊಂಡು ಗುರುಗಳು ಕಾಲಿನಿಂದಲೇ ಮೈ ತಿಕ್ಕುವುದೂ ಉಂಟು. ಎರಡೂ ರೂಢಿ ನಮ್ಮ ಅಂಗಳದಲ್ಲೇ ಇದೆ.

ಆದರೆ ನನ್ನ ಹತ್ತಿರ ಸೊಂಟ ನೋವು ಎಂದು ಬರುವ ಹೆಂಗಸರಿಗೆ ನಾನೊಂದು ಪ್ರಶ್ನೆ ಕೇಳುತ್ತೇನೆ. ಕಡೆಯ ಸಲ ನಿಮಗೆ ಎಣ್ಣೆ ಹಾಕಿದ್ದು ಯಾರು? ಹೆಚ್ಚಿನವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಆಮೇಲೆ ಹೇಳುತ್ತಾರೆ, "ಬಾಣಂತನದಲ್ಲಿ ಅಮ್ಮ ಹಾಕಿದ್ದು." ಆ ಮಗುವಿಗೆ ಈಗ ಇಪ್ಪತ್ತು ವರ್ಷ ಆಗಿರುತ್ತದೆ. ನಡುವೆ ಇವರು ಮಕ್ಕಳಿಗೆ, ಅತ್ತೆಗೆ, ಮಾವನ ಕಾಲಿಗೆ ಎಷ್ಟು ಸಲ ಎಣ್ಣೆ ತಿಕ್ಕಿದರೋ, ಲೆಕ್ಕ ಇಟ್ಟವರಿಲ್ಲ.

ಮಲಯಾಳದಲ್ಲಿ ಒಂದು ಗಾದೆ ಇದೆ, ನಿಮಗೂ ಗೊತ್ತು. ಕುರುಂತೋಟ್ಟಿಗೂ ವಾತವೇ? ಕುರುಂತೋಟ್ಟಿ ಅಂದರೆ ನಾವು ಬಲಾ ಎನ್ನುವ ಗಿಡ. ವಾತದ ನೋವಿಗೆ ಅದೇ ಮದ್ದು. ಬಾಣಂತಿಗೆ ಹಾಕುವ ಧನ್ವಂತರ ತೈಲದಲ್ಲಿ ಅದರ ಬೇರೇ ಮುಖ್ಯ. ಎಳ್ಳೆಣ್ಣೆ, ಹಾಲು, ಬಲಾ ಸೇರಿದರೆ ಕ್ಷೀರಬಲಾ ತೈಲ. ಎಲ್ಲರ ವಾತ ಕಳೆಯುವ ಗಿಡಕ್ಕೇ ವಾತ ಹಿಡಿದರೆ ಏನು ಮಾಡುವುದು? ನಮ್ಮ ಮನೆಗಳಲ್ಲಿ ಆಗಿರುವುದು ಅದೇ.

ಎಣ್ಣೆಯಿಂದ ಆಗುವುದೇನು? ವಾಗ್ಭಟ ತನ್ನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದಲ್ಲಿ ಇದನ್ನು ದಿನಚರಿಯ ಭಾಗವಾಗಿಯೇ ಹೇಳಿದ್ದಾನೆ. ದಣಿವು ಹೋಗುತ್ತದೆ, ಒಳ್ಳೆಯ ನಿದ್ದೆ ಬರುತ್ತದೆ, ಚರ್ಮ ಗಟ್ಟಿಯಾಗುತ್ತದೆ ಎನ್ನುತ್ತಾನೆ. ದಿನಾ ಇಡೀ ಮೈಗೆ ಆಗದವರಿಗೂ ಅಲ್ಲಿ ದಾರಿ ಇದೆ. ತಲೆ, ಕಿವಿ, ಪಾದ, ಈ ಮೂರನ್ನು ಮರೆಯಬೇಡಿ ಎಂದು ಬೇರೆಯಾಗಿಯೇ ಹೇಳಿದ್ದಾನೆ.

ಇವತ್ತಿನ ವಿಜ್ಞಾನವೂ ಒಂದು ಚಂದದ ಸಂಗತಿ ಹೇಳುತ್ತದೆ. ರೋಮವಿರುವ ಚರ್ಮದಲ್ಲಿ ಒಂದು ಬಗೆಯ ಸಣ್ಣ ನರಗಳಿವೆ. ಅವು ಎಚ್ಚರವಾಗುವುದು ನಿಧಾನದ ಮೃದುವಾದ ಸ್ಪರ್ಶಕ್ಕೆ, ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದಾಗ. ಅಂದರೆ ಒಂದು ಗೇಣು ದೂರಕ್ಕೆ ನಾಲ್ಕೈದು ಸೆಕೆಂಡು. ಅಳುವ ಮಗುವಿನ ಬೆನ್ನನ್ನು ಅಜ್ಜಿ ಸವರುವ ವೇಗ ಅದೇ ಅಲ್ವಾ? ಅಂಥ ಸ್ಪರ್ಶದಲ್ಲಿ ಮೈಯ ಬಿಗಿ ಸಡಿಲುತ್ತದೆ, ಮನಸ್ಸಿಗೂ ಹಿತವಾಗುತ್ತದೆ. ಅವಸರದಲ್ಲಿ ಗಸಗಸ ಉಜ್ಜಿದರೆ ಎಣ್ಣೆ ಮೈಗೆ ಹತ್ತಬಹುದು, ಆ ನೆಮ್ಮದಿ ಸಿಗುವುದಿಲ್ಲ.

ನಮ್ಮವರ ಕೆಲಸ ನೋಡಿ. ಮೆಟ್ಟುಕತ್ತಿಯ ಎದುರು ಇಡೀ ದಿನ ಕೂತು ಅಡಿಕೆ ಸುಲಿಯುವವರು. ಕುತ್ತಿಗೆ ಬಗ್ಗಿಸಿ ಬೀಡಿ ಕಟ್ಟುವವರು. ರಾತ್ರಿಯಿಡೀ ಕುಣಿದು ಬೆಳಿಗ್ಗೆ ಗೆಜ್ಜೆ ಬಿಚ್ಚುವ ಯಕ್ಷಗಾನ ಮೇಳದ ಕಲಾವಿದರು. ಇಲ್ಲೇ ಸುತ್ತಮುತ್ತ ಇನ್ನೊಂದು ಗುಂಪಿದೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಹಾಸಿಗೆ ಹಿಡಿದ ಮಕ್ಕಳನ್ನು ಇಪ್ಪತ್ತು ಮೂವತ್ತು ವರ್ಷದಿಂದ ಎತ್ತಿ ಇಳಿಸುತ್ತಿರುವ ಅಮ್ಮಂದಿರು ನಮ್ಮ ನಡುವೆ ಇದ್ದಾರೆ. ಎಣ್ಣೆ ಆ ಮಕ್ಕಳ ಕಾಯಿಲೆ ವಾಸಿ ಮಾಡುವುದಿಲ್ಲ. ಆದರೆ ಆ ಅಮ್ಮನ ಬೆನ್ನಿಗೆ ವಾರಕ್ಕೊಮ್ಮೆ ಯಾರಾದರೂ ಬಿಸಿ ಎಣ್ಣೆ ತಿಕ್ಕಿದರೆ ಅವಳಿಗೆ ಒಂದು ರಾತ್ರಿಯಾದರೂ ನಿದ್ದೆ ಬರುತ್ತದೆ. ಇದನ್ನು ಹೇಳಲೆಂದೇ ನಾನು ಇಲ್ಲಿಗೆ ಬಂದದ್ದು.

ಮಾಡುವುದು ಕಷ್ಟವಿಲ್ಲ. ಎಳ್ಳೆಣ್ಣೆ ಇಲ್ಲವೇ ತೆಂಗಿನೆಣ್ಣೆ ಸಾಕು. ಮದ್ದಿನ ತೈಲ ಬೇಕಿದ್ದರೆ ಯಾವುದೆಂದು ವೈದ್ಯರನ್ನು ಕೇಳಿ. ಎಣ್ಣೆಯ ಗಿಂಡಿಯನ್ನು ಬಿಸಿನೀರಿನ ಪಾತ್ರೆಯಲ್ಲಿಡಿ, ನೇರ ಬೆಂಕಿಯ ಮೇಲೆ ಬೇಡ. ಕೈಕಾಲಿಗೆ ಉದ್ದಕ್ಕೆ, ಗಂಟುಗಳಿಗೆ ಸುತ್ತಲೂ ತಿಕ್ಕಿ. ಅರ್ಧ ಗಂಟೆ ಬಿಟ್ಟು ಹೆಸರುಹಿಟ್ಟೋ ಕಡಲೆಹಿಟ್ಟೋ ಹಚ್ಚಿ ಮೀಯಿರಿ. ತಲೆಗೆ ದಾಸವಾಳದ ಗೊಂಪು, ಅಂದರೆ ಎಲೆಯ ಲೋಳೆ, ಇದ್ದರೆ ಇನ್ನೂ ಒಳ್ಳೆಯದು. ಬಚ್ಚಲಲ್ಲಿ ಒಂದು ಗೋಣಿ ಹಾಸಿ. ಎಣ್ಣೆಗೆ ಜಾರಿ ಬಿದ್ದ ಅಜ್ಜಿಯರನ್ನು ಬಹಳ ನೋಡಿದ್ದೇನೆ.

ಜ್ವರ, ಅಜೀರ್ಣ, ಕಫ ಇರುವಾಗ ಬೇಡ. ಊಟವಾದ ಕೂಡಲೇ ಬೇಡ. ಒಂದೇ ಕಾಲಿನ ಮೀನಖಂಡ ಏಕಾಏಕಿ ಊದಿ ನೋಯುತ್ತಿದ್ದರೆ ದಯವಿಟ್ಟು ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಮೊದಲು ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಬಿಸಿ ಗೊತ್ತಾಗದೆ ಸುಡಬಹುದು, ಎಣ್ಣೆಯನ್ನು ಬೇರೆಯವರು ಮುಟ್ಟಿ ನೋಡಲಿ. ಹಸುಗೂಸಿನ ಮೂಗಿಗೆ ಎಣ್ಣೆ ಬಿಡುವ ಅಭ್ಯಾಸ ನಿಲ್ಲಿಸಲೇಬೇಕು. ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಎಣ್ಣೆ ತಿಕ್ಕಿದರೆ ಬೊಜ್ಜು ಕರಗುತ್ತದೆ, ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನು ಮಾತು ಸಾಕು. ಅಲ್ಲಿ ಎಣ್ಣೆ ಬಿಸಿಯಾಗಿದೆ. ಆಗ ಅಡಿಕೆ ಸುಲಿದು ಮೊಣಕಾಲು ಹೋಯಿತು ಎಂದಿರಲ್ಲ, ಅಕ್ಕ, ನೀವು ಈ ಕುರ್ಚಿಯಲ್ಲಿ ಕುಳಿತುಕೊಳ್ಳಿ. ನಿಮ್ಮ ಮಗನೂ ಬರಲಿ. ಎಡಗಾಲಿಗೆ ನಾನು ತಿಕ್ಕಿ ತೋರಿಸುತ್ತೇನೆ. ಬಲಗಾಲಿಗೆ ಅವನು ತಿಕ್ಕಲಿ.