ನಾಯಿಗಿ ಜುಲಾಬು ಹತ್ತಿದ್ರ ಗುಳಿಗಿ ಡಬ್ಬಿ ಮುಟ್ಟಬ್ಯಾಡ್ರಿ

ನಮಸ್ಕಾರ್ರಿ. ನಾಯಿ ಎರಡು ಸಲ ನೀರಿನಂಗ ಸಂಡಾಸ ಮಾಡ್ತಂದ್ರ ಕಲಬುರಗಿಯಾಗ ಎಷ್ಟೋ ಮನಿಯವರು ಮೊದಲು ಹುಡುಕೋದು ಗುಳಿಗಿ ಡಬ್ಬಿ. ತಮಗಂತ ತಂದಿಟ್ಟ ಜುಲಾಬು ನಿಲ್ಲಸೋ ಗುಳಿಗಿ ಅರ್ಧ ಮುರುದು, ರೊಟ್ಟ್ಯಾಗ ಸುತ್ತಿ ತಿನ್ನಸ್ತಾರ. ಇದು ಶುದ್ಧ ತಪ್ಪು. ಸಾದಾ ಜುಲಾಬು ಬಹಳ ಮಟ್ಟಿಗಿ ಎರಡು-ಮೂರು ದಿನದಾಗ ತಾನೇ ಕಡಿಮಿ ಆಗ್ತದ. ಅಷ್ಟರಾಗ ನಾಯಿನ ಕೆಡವೋದು ಮೈಯಾಗಿನ ನೀರು ಖಾಲಿ ಆಗೋದು. ಮೇ ತಿಂಗಳಾಗ 42 ಡಿಗ್ರಿ ದಾಟೋ ನಮ್ಮ ಊರಾಗಂತೂ ಅದು ಇನ್ನೂ ಲಗೂನ ಆಗ್ತದ.

ಗುಳಿಗಿ ಯಾಕ ಬ್ಯಾಡ? ಜುಲಾಬು ನಿಲ್ಲಸೋ ಗುಳಿಗ್ಯಾಗ ಇರೋ ಲೋಪೆರಮೈಡ್ ಅನ್ನೋ ಔಷಧ ಕರುಳಿನ ಚಲನೆ ಕಟ್ಟಿ ಹಾಕ್ತದ, ಸೋಂಕು ಇದ್ರ ವಿಷ ಒಳಗೇ ಉಳೀತದ. ಕಾಲಿಯಂಥ ಕುರಿ ಕಾಯೋ ತಳಿಗಳೊಳಗ ಬಹಳಷ್ಟಕ್ಕ ಒಂದು ಜೀನಿನ ದೋಷ ಇರ್ತದ, ಹಂಥ ನಾಯಿಗಿ ಈ ಔಷಧ ಸೀದಾ ಮಿದುಳಿಗೇ ಏರ್ತದ. ಹೊಟ್ಟಿನೋವಿಗಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ರ ಜಠರದಾಗ ಹುಣ್ಣಾಗ್ತದ, ಕಿಡ್ನಿ ಕೆಡ್ತದ. ಪ್ಯಾರಾಸಿಟಮಾಲ್ ಲಿವರ್‌ಗಿ ಪೆಟ್ಟು ಕೊಡ್ತದ.

ಈಗ ನೀರಿನ ಮಾತು. ವಾಂತಿ ಮಾಡಿದ ನಾಯಿ ಮುಂದ ತುಂಬಿದ ಬೋಗುಣಿ ಇಡಬ್ಯಾಡ್ರಿ. ಗಟಗಟ ಕುಡೀತದ, ಹಿಗ್ಗಿದ ಜಠರ ಎಲ್ಲಾ ವಾಪಸ್ ಹಾಕ್ತದ. ವಾಂತಿ ನಿಂತು ಒಂದು ತಾಸು ಆದಮ್ಯಾಲ, 10 ಕೆ.ಜಿ. ನಾಯಿಗಿ ಎರಡು-ಮೂರು ದೊಡ್ಡ ಚಮಚ, ಅರ್ಧ ತಾಸಿಗೊಮ್ಮೆ. ಉಳಕೊಂಡ್ರ ಹೆಚ್ಚು ಮಾಡ್ಕೊಂತ ಹೋಗ್ರಿ. ಬರೇ ಜುಲಾಬು ಇದ್ದು ವಾಂತಿ ಇಲ್ಲಂದ್ರ ನೀರಿಗಿ ಅಳತಿ ಬ್ಯಾಡ, ಯಾವಾಗಲೂ ಮುಂದ ಇರ್ಲಿ. ಓಆರ್‌ಎಸ್ ಕೊಡೋದಾದ್ರ ರುಚಿ ಹಾಕದ ಸಾದಾ ಪೌಡರ್ ತರ್ರಿ, ಪಾಕೀಟಿನ ಮ್ಯಾಲ ಬರದಷ್ಟೇ ನೀರಾಗ ಕಲಸ್ರಿ, 24 ತಾಸು ಆದ ಕೂಡ್ಲೇ ಚೆಲ್ಲ್ರಿ. ಶುಗರ್-ಫ್ರೀ ಅಂತ ಬರದಿದ್ರ ಮುಟ್ಟಲೇಬ್ಯಾಡ್ರಿ, ಅದರಾಗ ಸಕ್ಕರಿ ಬದಲು ಹಾಕೋ ಜೈಲಿಟಾಲ್ ಇದ್ರ ನಾಯಿಗಿ ವಿಷ. ತೂಗಾಡೋ ನಾಯಿ ಬಾಯಾಗ ಪಿಚಕಾರಿಲಿಂದ ನೀರು ಒತ್ತಿದ್ರ ಅದು ಪುಪ್ಪುಸಕ್ಕ ಇಳೀತದ, ಬ್ಯಾಡ.

ನೀರು ಸಾಕಾಗೇದೋ ಇಲ್ಲೋ ನೋಡೋದು ಹ್ಯಾಂಗ? ವಸಡು ಮುಟ್ರಿ. ಒದ್ದಿ ಇದ್ದು ಜಾರಬೇಕು, ಅಂಟಬಾರದು. ಬೆರಳಿಲಿಂದ ಒತ್ತಿ ಬಿಟ್ರ ಎರಡು ಸೆಕೆಂಡಿನೊಳಗ ಮತ್ತ ಗುಲಾಬಿ ಬಣ್ಣ ಬರಬೇಕು.

ವಾಂತಿ ಇದ್ರ ದೊಡ್ಡ ನಾಯಿಗಿ 8-12 ತಾಸು ಊಟ ನಿಲ್ಲಸ್ರಿ. ಬರೇ ಜುಲಾಬಿಗಿ ಉಪವಾಸ ಬೇಕಾಗಿಲ್ಲ. ಆರು ತಿಂಗಳೊಳಗಿನ ಮರಿಗಂತೂ ಉಪವಾಸ ಹಾಕಲೇಬಾರದು, ರಕ್ತದಾಗಿನ ಸಕ್ಕರಿ ಇಳದು ಬೀಳ್ತಾವ.

ಆಮ್ಯಾಲ ಮೆತ್ತಗ ಕುದಿಸಿದ ಅನ್ನ ಎರಡು ಪಾಲು, ತೊಗಲು-ಎಲುಬು ತೆಗೆದು ಬೇಯಿಸಿದ ಕೋಳಿ ಒಂದು ಪಾಲು. ಕೋಳಿ ಒಳಗ ತರದ ಮನಿಯಾಗ ಜಿಡ್ಡು ಕಡಿಮಿ ಇರೋ ಪನೀರ್ ನಡೀತದ, ಹಾಲು ಮಾತ್ರ ಬ್ಯಾಡ. ಉಪ್ಪಿಲ್ಲ, ಎಣ್ಣಿ ಇಲ್ಲ, ತುಪ್ಪ ಇಲ್ಲ. ಕೆಡೋದು ಇಲ್ಲೇ ನೋಡ್ರಿ: ಅನ್ನ ಖಾಲಿ ಕಾಣ್ತದಂತ ಮ್ಯಾಲ ತೊಗರಿಬ್ಯಾಳಿ ಸುರೀತಾರ, ನಾಯಿ ಮೂಸ್ಲಿಲ್ಲಂದ್ರ ಚೂರು ಶೇಂಗಾ ಹಿಂಡಿ ಉದರಸ್ತಾರ. ಒಗ್ಗರಣಿಯಾಗಿನ ಉಳ್ಳಾಗಡ್ಡಿ, ಹಿಂಡಿಯಾಗಿನ ಬಳ್ಳೊಳ್ಳಿ ನಾಯಿಯ ಕೆಂಪು ರಕ್ತಕಣ ಒಡೀತಾವ, ಅದೂ ಕಾಣೋದು ಕೆಲವು ದಿನ ಆದಮ್ಯಾಲ. ರಾತ್ರಿ ಉಳದ ಬಿರಿಯಾನಿದೂ ಇದೇ ಕಥಿ, ಮ್ಯಾಲ ಜಿಡ್ಡಿನಲಿಂದ ಪ್ಯಾಂಕ್ರಿಯಾಸ್ ಉರಿಯೂತ ಬ್ಯಾರೆ.

ಸಣ್ಣ ಸಣ್ಣ ತುತ್ತು, ದಿನಕ್ಕ ನಾಕು ಸಲ. ಸಂಡಾಸ ಗಟ್ಟಿ ಆಗಿ ಎರಡು ದಿನ ಕಳದಮ್ಯಾಲ ಹಳೇ ಊಟ ಕಾಲುಭಾಗದಿಂದ ಶುರು ಮಾಡಿ ನಾಕು-ಐದು ದಿನದಾಗ ಪೂರ್ತಿ ಮಾಡ್ರಿ. ಕೋಳಿ-ಅನ್ನ ವಾರಗಟ್ಟಲೆ ಹಾಕಿದ್ರ ಪೌಷ್ಟಿಕಾಂಶ ಸಾಲಂಗಿಲ್ಲ.

ಮನಿಯಾಗ ಕಾಯಬಾರದ ಕೇಸೂ ಅದಾವ. ಲಸಿ ಪೂರ್ತಿ ಆಗದ ಮರಿಗಿ ರಕ್ತದ ಜುಲಾಬು, ಕೆಟ್ಟ ನಾತ ಬಂತಂದ್ರ ಪಾರ್ವೊ ಅನ್ನೋ ವೈರಸ್ ರೋಗ ಇರಬಹುದು. ಹೊಟ್ಟಿ ಉಬ್ಬಿ, ಓಕರಿಸಿದ್ರೂ ಏನೂ ಬರಲಿಲ್ಲಂದ್ರ, ಅದರಾಗೂ ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಇದ್ರ, ಜಠರ ತಿರುವಿರಬಹುದು, ಒಂದೊಂದು ತಾಸೂ ಲೆಕ್ಕ. ಬಿಸಲಾಗ ಕಟ್ಟಿದ ನಾಯಿ ಏದುಸಿರು ಬಿಟ್ಕೊಂತ ವಾಂತಿ ಮಾಡಿದ್ರ ಅದು ಹೊಟ್ಟಿದಲ್ಲ, ಬಿಸಿಲಿನ ಹೊಡೆತ: ನೆರಳಿಗಿ ತಂದು ಮೈಗಿ ನೀರು ಸುರದು, ಗಾಳಿ ಹಾಕಿ, ಹಂಗೇ ಗಾಡಿಯಾಗ ಹಾಕ್ಕೊಂಡು ಹೋಗ್ರಿ. ಬೀದರಿನವರಿಗಿ ನಂದಿನಗರದ ಪಶುವೈದ್ಯಕೀಯ ಕಾಲೇಜು ಅದ. ಉಳದವರು ಹತ್ತಿರದ ಪಶು ದವಾಖಾನಿಗಿ ಹೋಗ್ರಿ. ಹೋಗುವಾಗ ಲಸಿ ಕಾರ್ಡು, ಡಬ್ಬ್ಯಾಗ ಇವತ್ತಿನ ಸಂಡಾಸ, ಏನಾರ ಗುಳಿಗಿ ಕೊಟ್ಟಿದ್ರ ಅದರ ಪಾಕೀಟು ಒಯ್ರಿ. ಕೊಟ್ಟಿದ್ದನ್ನ ಡಾಕ್ಟರ್ ಮುಂದ ಮುಚ್ಚಿಡಬ್ಯಾಡ್ರಿ.