ಪಿನ್ ಪಾರ್ವತಿ: ಹಿಮನದಿ ದಾಟುವ ಹೊತ್ತು

ಕೇಳುಗರಿಗೆ ನಮಸ್ಕಾರ.

ಹಿಮಾಚಲ ಪ್ರದೇಶದ ಕುಲ್ಲು ಕಡೆಯ ಪಾರ್ವತಿ ಕಣಿವೆಗೂ ಸ್ಪಿತಿ ಕಡೆಯ ಪಿನ್ ಕಣಿವೆಗೂ ನಡುವೆ ನಿಂತ ಪರ್ವತಸಾಲಿನಲ್ಲಿ, 5,319 ಮೀಟರ್ ಎತ್ತರದಲ್ಲಿ, ಒಂದು ಕಂಡಿ ಇದೆ. ಅದೇ ಪಿನ್ ಪಾರ್ವತಿ ಪಾಸ್. ಮುಂದೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆದ ಲೂಯಿ ಡೇನ್, 1884ರಲ್ಲಿ ಸ್ಪಿತಿಗೆ ಬೇರೊಂದು ದಾರಿ ಹುಡುಕುತ್ತ ಇದನ್ನು ದಾಟಿದರು. ಪಾರ್ವತಿ ಕಡೆಯ ಬರ್ಶೈನಿಯಿಂದ ಹೊರಟು ಪಿನ್ ಕಡೆಯ ಮುದ್ ಹಳ್ಳಿ ಸೇರಲು ನೂರು ಕಿಲೋಮೀಟರಿನ ಆಸುಪಾಸು, ಹತ್ತು ಹನ್ನೊಂದು ದಿನದ ನಡಿಗೆ. ಅಷ್ಟರಲ್ಲಿ ಹಿಮನದಿಯ ಮೇಲೆ ಕಾಲಿಡುವುದು ಹೆಚ್ಚುಕಡಿಮೆ ಒಂದೇ ದಿನ. ಉಳಿದ ದಿನಗಳ ಕೆಲಸ ಏನೆಂದರೆ, ಆ ಒಂದು ದಿನ ಸರಿಯಾದ ಹೊತ್ತಿಗೆ, ದೇಹ ಹದಕ್ಕೆ ಬಂದ ಮೇಲೆ, ಒದಗುವಂತೆ ಮಾಡುವುದು.

ಮೊದಲು ಎತ್ತರದ ಲೆಕ್ಕ. ಬರ್ಶೈನಿ ಸುಮಾರು 2,200 ಮೀಟರ್. ಬಿಸಿನೀರಿನ ಬುಗ್ಗೆಯಿರುವ ಖೀರ್‌ಗಂಗಾ 2,950ರ ಹತ್ತಿರ. ಮುಂದೆ ತುಂಡಾ ಭುಜ್, ಠಾಕುರ್ ಕುವಾಂ, ದೈತ್ಯ ಬಂಡೆಗಳೇ ಪಾರ್ವತಿ ನದಿಗೆ ಸೇತುವೆಯಾಗಿರುವ ಪಾಂಡು ಪುಲ್, ಓಡಿ ಥಾಚ್, ಕೊನೆಗೆ 4,100 ಮೀಟರಿನ ಆಸುಪಾಸಿನಲ್ಲಿ ಮಾನತಲಾಯಿ ಸರೋವರ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ರಾತ್ರಿ ಕಳೆಯಬೇಕು ಎಂಬುದು ವೈದ್ಯರ ನಿಯಮ. ಮಾನತಲಾಯಿವರೆಗೆ ಈ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ, ಏಕೆಂದರೆ ಕಣಿವೆ ನಿಧಾನವಾಗಿ ಏರುತ್ತದೆ. ಅಲ್ಲಿಂದ ಕಂಡಿಯ ಕೆಳಗಿನ ಶಿಬಿರಕ್ಕೆ ಹೋಗುವಾಗ ಮಾತ್ರ ಮುರಿಯುತ್ತದೆ. ನಡುವೆ ಡೇರೆ ಹಾಕಲು ಒಳ್ಳೆಯ ಜಾಗಗಳು ಕಡಿಮೆ. ಹಾಗಾಗಿ ಮಾನತಲಾಯಿಯಲ್ಲಿ ಎರಡು ರಾತ್ರಿ ಇರಲೇಬೇಕು. ವೇಳಾಪಟ್ಟಿಯಲ್ಲಿ ದಿನ ಉಳಿಸುವವರು ಮೊದಲು ಕತ್ತರಿ ಹಾಕುವುದು ಇಲ್ಲಿಗೇ. ಉಳಿಸಬಾರದ ದಿನ ಒಂದಿದ್ದರೆ ಅದು ಇದೇ.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಗುರುತು. ಇಂಥವರು ಮೇಲೇರಬಾರದು. ಕೂತಲ್ಲೇ ಏದುಸಿರು ಬಂದರೆ, ಕೆಮ್ಮು ಹೆಚ್ಚಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಾತು ತಡವರಿಸಿದರೆ ನೆಲದ ಮೇಲೆ ಗೆರೆ ಎಳೆದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಹತ್ತು ಹೆಜ್ಜೆ ನಡೆಸಿ ನೋಡಬೇಕು. ವಾಲಿದರೆ ಮಿದುಳು ಊದಿಕೊಂಡಿರಬಹುದು. ಆಗ ರಾತ್ರಿಯೋ ಹಗಲೋ ಎಂದು ನೋಡದೆ ಕೆಳಗಿಳಿಸಬೇಕು. ಈ ದಾರಿಯ ತೊಡಕು ಎಂದರೆ ಕಣಿವೆ ಉದ್ದವಾಗಿ, ಚಪ್ಪಟೆಯಾಗಿದೆ. ಒಂದು ದಿನ ಪೂರ್ತಿ ಹಿಂದಕ್ಕೆ ನಡೆದರೂ ಇಳಿದದ್ದು ಕೆಲವೇ ನೂರು ಮೀಟರ್. ಆದ್ದರಿಂದ ನಿರ್ಧಾರ ಮಾನತಲಾಯಿಯಲ್ಲೇ ಆಗಬೇಕು. "ಆಚೆ ಇಳಿದರೆ ಸರಿಹೋಗುತ್ತಾರೆ" ಎಂಬ ಮಾತು ಗುಂಪುಗಳಲ್ಲಿ ಬಂದೇ ಬರುತ್ತದೆ. ಆಚೆ ಇಳಿಯುವ ಮೊದಲು ಇನ್ನೂ ಏರಬೇಕಲ್ಲ!

ಇನ್ನು ಹಿಮನದಿ. ಕಂಡಿಯ ದಿನ ಬೆಳಗಿನ ಜಾವ ಮೂರೂವರೆ, ನಾಲ್ಕಕ್ಕೆ ಹೊರಡುತ್ತಾರೆ. ಕಾರಣ ಸರಳ. ಹಿಮನದಿಯ ಬಿರುಕುಗಳ ಮೇಲೆ ಹಿಂದಿನ ಚಳಿಗಾಲದ ಹಿಮ ಮುಚ್ಚಳದಂತೆ ಕೂತಿರುತ್ತದೆ. ರಾತ್ರಿ ಹೆಪ್ಪುಗಟ್ಟಿದಾಗ ಆ ಮುಚ್ಚಳ ಮನುಷ್ಯನ ಭಾರ ತಾಳುತ್ತದೆ. ಬಿಸಿಲು ಬಿದ್ದು ಹಿಮದ ಹರಳುಗಳ ನಡುವಿನ ಬೆಸುಗೆ ಕರಗಿತೋ, ಅದೇ ಸೇತುವೆ ಹನ್ನೊಂದು ಗಂಟೆಗೆ ಕುಸಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಉಂಟು. ಮೋಡ ಕವಿದ ರಾತ್ರಿ ಹಿಮ ಸರಿಯಾಗಿ ಗಟ್ಟಿಯಾಗುವುದಿಲ್ಲ, ಏಕೆಂದರೆ ನೆಲದ ಶಾಖ ಆಕಾಶಕ್ಕೆ ಹೋಗದಂತೆ ಮೋಡ ತಡೆಯುತ್ತದೆ. ನಾಲ್ಕು ಗಂಟೆಗೆ ಡೇರೆಯ ಹೊರಗೆ ಕಾಲಿಟ್ಟಾಗ ಬೂಟು ಗಿಣ್ಣಿನವರೆಗೆ ಹೂತರೆ ಅಂದಿನ ಪಯಣ ಬೇಡ. ಅದಕ್ಕೇ ಒಂದು ದಿನದ ಹೆಚ್ಚುವರಿ ಆಹಾರ, ಇಂಧನ ಹೊತ್ತಿರಬೇಕು.

ಒಬ್ಬರು ಬಿರುಕಿಗೆ ಬಿದ್ದರೆ ಉಳಿದವರು ತಡೆಯಲೆಂದು ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುತ್ತಾರೆ. ಆ ಹಗ್ಗದ ಲೆಕ್ಕ ಹೀಗೆ. 50 ಮೀಟರ್ ಹಗ್ಗಕ್ಕೆ ನಾಲ್ಕು ಜನ. ಒಬ್ಬರಿಂದೊಬ್ಬರಿಗೆ ಹತ್ತು ಮೀಟರ್, ಅಂದರೆ ಮೂವತ್ತು ಮೀಟರ್ ಬಳಕೆ. ಉಳಿದ ಇಪ್ಪತ್ತನ್ನು ತುದಿಯ ಇಬ್ಬರು ಸುರುಳಿ ಸುತ್ತಿ ಇಟ್ಟುಕೊಳ್ಳುತ್ತಾರೆ. ಬಿದ್ದವರನ್ನು ಎತ್ತಲು ಬೇಕಾಗುವುದು ಅದೇ. ಇಬ್ಬರೇ ಇದ್ದರೆ ಅಂತರ ಹದಿನೈದು ಮೀಟರಿಗೆ ಏರಬೇಕು, ನಡುವಿನ ಹಗ್ಗದಲ್ಲಿ ಒಂದೆರಡು ಮೀಟರಿಗೊಂದು ಗಂಟು ಹಾಕಬೇಕು. ಬಿದ್ದಾಗ ಆ ಗಂಟು ಬಿರುಕಿನ ಅಂಚಿನ ಹಿಮದಲ್ಲಿ ಸಿಕ್ಕಿ ಭಾರ ಹಿಡಿಯುತ್ತದೆ. ಪ್ರತಿಯೊಬ್ಬರ ಹಾರ್ನೆಸ್ಸಿನಿಂದ, ಅಂದರೆ ಸೊಂಟಕ್ಕೆ ಕಟ್ಟುವ ಪಟ್ಟಿಯಿಂದ, ಹಗ್ಗಕ್ಕೆ ಪ್ರುಸಿಕ್ ಎಂಬ, ಭಾರ ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿಯುವ ಗಂಟಿನ ತೆಳು ದಾರವನ್ನು ಹೊರಡುವ ಮೊದಲೇ ಕಟ್ಟಿರಬೇಕು. ಬಿರುಕಿನಲ್ಲಿ ತೂಗಾಡುತ್ತ, ಕೈ ಮರಗಟ್ಟಿದಾಗ ಗಂಟು ಹಾಕಲು ಆಗುವ ಕೆಲಸವಲ್ಲ.

ಅವಘಡಗಳಿಗೆ ಒಂದು ಮುಖ್ಯ ಕಾರಣ ಸಡಿಲ ಹಗ್ಗ. ನಡೆಯುವಾಗ ಹಗ್ಗದ ಮಧ್ಯಭಾಗ ಹಿಮವನ್ನು ಸವರಿಕೊಂಡು ಹೋಗಬೇಕು, ಅಷ್ಟೆ. ಎರಡು ಮೀಟರ್ ಸಡಿಲವಿದ್ದರೆ ಬಿದ್ದವರು ಎರಡು ಮೀಟರ್ ಹೆಚ್ಚು ಬೀಳುತ್ತಾರೆ. ಆ ವೇಗದ ಎಳೆತಕ್ಕೆ ಹಿಂದಿನವರೂ ಮುಗ್ಗರಿಸಿ ಬಿರುಕಿನತ್ತ ಜಾರುತ್ತಾರೆ. ನಡುವಿನ ಹಗ್ಗವನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ನಡೆಯುವುದು, ಫೋಟೋಗೆಂದು ನಾಲ್ವರೂ ಒಂದೆಡೆ ಸೇರುವುದು, ಎರಡೂ ಇದೇ ತಪ್ಪು. ಬಿರುಕನ್ನು ಅಡ್ಡಡ್ಡಲಾಗಿಯೇ ದಾಟಬೇಕು. ಅದಕ್ಕೆ ಸಮಾನಾಂತರವಾಗಿ ನಡೆದರೆ ಒಂದೇ ಸೇತುವೆಯ ಮೇಲೆ ಇಡೀ ತಂಡ ನಿಂತಿರುತ್ತದೆ.

ಮುಚ್ಚಿದ ಬಿರುಕನ್ನು ಗುರುತಿಸುವುದು ಹೇಗೆ? ಇಳಿಜಾರು ಇದ್ದಕ್ಕಿದ್ದಂತೆ ಕಡಿದಾಗುವ ಕಡೆ, ಹಿಮನದಿ ತಿರುವು ತೆಗೆದುಕೊಳ್ಳುವ ಹೊರಬದಿಯಲ್ಲಿ ಬಿರುಕುಗಳು ಹೆಚ್ಚು. ಮೇಲ್ಮೈಯಲ್ಲಿ ತುಸು ತಗ್ಗಿದ ಉದ್ದನೆಯ ಗೆರೆ, ಸುತ್ತಲಿಗಿಂತ ಬೇರೆ ಛಾಯೆಯ ಹಿಮ ಕಂಡರೆ ಅಲ್ಲೇ ನಿಂತು ಕೋಲು ಚುಚ್ಚಿ ನೋಡಬೇಕು. ಕೋಲು ಒಂದೇ ಬಿಗಿಯಲ್ಲಿ ಇಳಿಯುತ್ತ ಹೋದರೆ ಗಟ್ಟಿ. ಸ್ವಲ್ಪ ಇಳಿದು ತಟ್ಟನೆ ಹಗುರಾಗಿ ಒಳಗೆ ನುಗ್ಗಿತೆಂದರೆ ಕೆಳಗೆ ಟೊಳ್ಳು.

ಯಾರಾದರೂ ಬಿದ್ದರೆ ಉಳಿದವರು ತಕ್ಷಣ ಹಿಮದ ಮೇಲೆ ಬಿದ್ದು ಐಸ್ ಆಕ್ಸ್ ಎಂಬ ಹಿಮಗುದ್ದಲಿ ನೆಟ್ಟು ಭಾರ ತಡೆಯುತ್ತಾರೆ. ಆಮೇಲೆ ಹಿಂದಿನವರು ಲಂಗರು ತೋಡಬೇಕು: ಎಳೆತದ ದಿಕ್ಕಿಗೆ ಅಡ್ಡವಾಗಿ ಮೊಣಕಾಲುದ್ದ ಆಳದ ಕಾಲುವೆ, ಅದರಲ್ಲಿ ಮಲಗಿಸಿದ ಆಕ್ಸ್, ಹಿಡಿಕೆಯ ನಡುವಿಗೆ ಸುತ್ತಿದ ಪಟ್ಟಿ, ಆ ಪಟ್ಟಿ ಹೊರಬರಲು ಇಳಿಜಾರಾದ ಇನ್ನೊಂದು ಕಿರುಗಾಲುವೆ. ಪಟ್ಟಿಯ ಕಾಲುವೆ ಮೇಲ್ಮುಖವಾಗಿದ್ದರೆ ಆಕ್ಸ್ ಕಿತ್ತು ಹಾರುತ್ತದೆ. ಭಾರವನ್ನು ಲಂಗರಿಗೆ ದಾಟಿಸಿದ ಮೇಲೆ ಮೂರು ಪಟ್ಟು ಬಲದ ರಾಟೆ ಕಟ್ಟುತ್ತಾರೆ. ಕಾಗದದ ಮೇಲೆ ಮೂರು ಪಟ್ಟು. ರಾಟೆಯ ಗಾಲಿ ಇಲ್ಲದೆ ಬರೀ ಕ್ಯಾರಾಬಿನರ್ ಎಂಬ ಲೋಹದ ಕೊಂಡಿಯಲ್ಲಿ ಕಟ್ಟಿದರೆ ಉಜ್ಜಾಟದಲ್ಲಿ ಅದರ ದೊಡ್ಡ ಪಾಲು ಸೋರಿಹೋಗುತ್ತದೆ. ಎಲ್ಲಕ್ಕಿಂತ ಸತಾಯಿಸುವುದು ಬಿರುಕಿನ ತುಟಿ. ಭಾರಬಿದ್ದ ಹಗ್ಗ ಅಂಚಿನ ಹಿಮವನ್ನು ಕೊಯ್ದು ಒಳಗೆ ಹುದುಗಿಬಿಡುತ್ತದೆ, ಎಷ್ಟು ಎಳೆದರೂ ಬಿದ್ದವರ ತಲೆ ಹಿಮದ ಸೂರಿಗೆ ಬಡಿಯುತ್ತದೆ. ಅದಕ್ಕೇ ಹೊಸದಾಗಿ ಇಳಿಬಿಡುವ ಹಗ್ಗದ ಕೆಳಗೆ ಬೆನ್ನುಚೀಲವನ್ನೋ ಆಕ್ಸಿನ ಹಿಡಿಕೆಯನ್ನೋ ಇಟ್ಟು, ಅದೂ ಜಾರಿ ಬೀಳದಂತೆ ಕಟ್ಟಬೇಕು. ಇದನ್ನು ಮನೆಯಲ್ಲಿ ಕೂತು ಕೇಳಿ ಕಲಿಯಲಾಗದು. ಹೊರಡುವ ಮೊದಲು ಹಿಮದ ಇಳಿಜಾರಿನಲ್ಲಿ ಇಡೀ ತಂಡ ಮಾಡಿ ನೋಡಿರಬೇಕು.

ಜುಲೈನಲ್ಲಿ ಹಿಮ ಹೆಚ್ಚು, ಬಿರುಕುಗಳು ಮುಚ್ಚಿರುತ್ತವೆ. ಸೆಪ್ಟೆಂಬರಿಗೆ ಬಾಯಿ ತೆರೆದು ಕಾಣಿಸುತ್ತವೆ, ಸುತ್ತಿಬಳಸಿ ಹೋಗಬೇಕಾದರೂ ಕಾಣದ ಬಿರುಕಿಗಿಂತ ಕಾಣುವುದೇ ವಾಸಿ. ಪಾರ್ವತಿ ಕಡೆ ಮಳೆಯೂ ಅಷ್ಟು ಹೊತ್ತಿಗೆ ಇಳಿಮುಖ. ಸೆಪ್ಟೆಂಬರಿನ ಮೊದಲ ಪಕ್ಷಕ್ಕೇ ನನ್ನ ಮತ.

ಹಿಂದಿನ ಸಂಜೆಯೇ ಹಿಮ ಕರಗಿಸಿ ನೀರು ತುಂಬಿಕೊಳ್ಳಬೇಕು. ಪಾತ್ರೆಯ ತಳಕ್ಕೆ ಒಂದಿಷ್ಟು ನೀರು ಹಾಕಿಯೇ ಹಿಮ ಸೇರಿಸಿ, ಇಲ್ಲದಿದ್ದರೆ ತಳ ಸೀಯುತ್ತದೆ. ಬರೀ ಬ್ಯೂಟೇನ್ ತುಂಬಿದ ಗ್ಯಾಸ್ ಡಬ್ಬಿ ಕಡುಚಳಿಯಲ್ಲಿ ಸರಿಯಾಗಿ ಆವಿಯಾಗದೆ ಸುಮ್ಮನಾಗುತ್ತದೆ. ಐಸೋಬ್ಯೂಟೇನ್, ಪ್ರೊಪೇನ್ ಬೆರೆತದ್ದು ಬೇಕು. ಕಪ್ಪು ಕನ್ನಡಕಕ್ಕೆ ಪಕ್ಕದ ಮರೆಯೂ ಇರಲಿ. ಹಿಮಗುರುಡು ತಕ್ಷಣ ಕಾಣಿಸಿಕೊಳ್ಳುವುದಿಲ್ಲ, ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಎರಚಿದಂತಾಗುತ್ತದೆ.

ಒಂಬತ್ತರೊಳಗೆ ಕಂಡಿ ಮುಟ್ಟಿದರೆ ಆಚೆಯ ಹಿಮನದಿಯನ್ನೂ ಗಟ್ಟಿ ಹಿಮದಲ್ಲೇ ಬಹುಪಾಲು ಮುಗಿಸಬಹುದು. ತಡವಾದರೆ ಒದ್ದೆ ಹಿಮ ಕ್ರಾಂಪಾನಿನ, ಅಂದರೆ ಬೂಟಿನ ಅಡಿಗೆ ಕಟ್ಟುವ ಲೋಹದ ಚೌಕಟ್ಟಿನ, ಹಲ್ಲುಗಳ ನಡುವೆ ಉಂಡೆಗಟ್ಟಿ ಹಲ್ಲು ಇಲ್ಲದಂತಾಗುತ್ತದೆ. ಆಗಾಗ ಆಕ್ಸಿನ ಹಿಡಿಕೆಯಿಂದ ಬೂಟಿಗೆ ತಟ್ಟಿ ಉದುರಿಸಬೇಕು. ಕೂತು ಜಾರುವ ಆಸೆಯಿದ್ದರೆ, ಬಿರುಕಿಲ್ಲದ ಕಡೆ ಮಾತ್ರ, ಕ್ರಾಂಪಾನ್ ಬಿಚ್ಚಿಯೇ ಜಾರಿ. ಹಲ್ಲು ಹಿಮಕ್ಕೆ ಕಚ್ಚಿಕೊಂಡರೆ ಕಾಲಿನ ಗಿಣ್ಣು ಮುರಿಯುತ್ತದೆ.

ಪಿನ್ ಕಡೆ ಮಳೆನೆರಳಿನ ನಾಡು. ಪಾರ್ವತಿ ಕಣಿವೆಯಲ್ಲಿ ಮಳೆ ಬಂದರೆ ಹೊಳೆ ಏರುತ್ತದೆ, ಇಲ್ಲಿ ಬಿಸಿಲು ಬಂದರೆ ಏರುತ್ತದೆ. ಬೆಳಗ್ಗೆ ಮೊಣಕಾಲು ಮುಟ್ಟದ ತೊರೆ ಮಧ್ಯಾಹ್ನ ಮೂರು ನಾಲ್ಕಕ್ಕೆ ತೊಡೆಯವರೆಗೆ, ಕೆಸರು ಬಣ್ಣದಲ್ಲಿ, ತಳದ ಕಲ್ಲು ಉರುಳಿಸುತ್ತ ಹರಿಯುತ್ತದೆ. ಕಂಡಿಯಿಂದ ಇಳಿದ ಸಂಜೆ ಆಚೆ ದಡದ ಹುಲ್ಲುನೆಲ ಎಷ್ಟೇ ಕರೆದರೂ ಈಚೆ ದಡದಲ್ಲೇ ಡೇರೆ ಹಾಕಿ, ಬೆಳಕು ಹರಿದ ಕೂಡಲೇ ದಾಟಿ. ಹೊಳೆ ಅಗಲವಾಗಿ, ಕವಲೊಡೆದು ಹರಿಯುವ ಕಡೆ ಹುಡುಕಿ. ಬರಿಗಾಲು ಬೇಡ. ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿರಲಿ, ಮುಗ್ಗರಿಸಿದರೆ ಚೀಲ ಕಳಚಿಕೊಳ್ಳಬೇಕು. ಮುಖ ನೀರು ಬರುವ ದಿಕ್ಕಿಗಿರಲಿ, ಕೋಲು ಮುಂದೆ ಊರಿ ಒಂದೊಂದೇ ಹೆಜ್ಜೆ ಅಡ್ಡಕ್ಕೆ ಸರಿಯಿರಿ. ಅಲ್ಲಿಂದ 3,800 ಮೀಟರಿನ ಆಸುಪಾಸಿನ ಮುದ್ ಹಳ್ಳಿಯವರೆಗೆ ದಾರಿ ಪಿನ್ ನದಿಯ ಜೊತೆಗೇ ಇಳಿಯುತ್ತದೆ. ಪಕ್ಕದಿಂದ ಬಂದು ಸೇರುವ ತೊರೆಗಳಿಗೂ ಇದೇ ಹೊತ್ತಿನ ಲೆಕ್ಕ.

ನಮಸ್ಕಾರ.